ಮುನ್ನೂರು ಡಾಲರ್‌ನಲ್ಲಿ ಫ್ಲೈ ಫಿಶಿಂಗ್ ಶುರು ಮಾಡಬಹುದಾ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಎರಡು ವರ್ಷದಿಂದ ಕೊಲರಾಡೋದ ಆರೋರಾದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಹೇಮಾವತಿಯಲ್ಲಿ ಬಿದಿರು ಕೋಲು, ಬೆಂಡು, ಎರೆಹುಳು ಇಟ್ಟುಕೊಂಡು ಗಾಳ ಹಾಕಿದವನು. ಇಲ್ಲಿ ಗೋಲ್ಡನ್ ದಾಟಿ ಬೆಟ್ಟದ ಕಡೆ ಹೋಗುವಾಗ ಕ್ಲಿಯರ್ ಕ್ರೀಕ್ ಪಕ್ಕ ಜನ ಫ್ಲೈ ಫಿಶಿಂಗ್ ಮಾಡುವುದನ್ನು ನೋಡಿ ಆಸೆಯಾಗಿದೆ. ಆದರೆ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಆಫೀಸಿನ ಗೆಳೆಯರೊಬ್ಬರು, 900 ಡಾಲರ್‌ಗಿಂತ ಕಡಿಮೆಯ ರಾಡ್ ತಗೊಂಡರೆ ದುಡ್ಡು ದಂಡ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ನೋಡಿದರೆ 60 ಡಾಲರ್‌ಗೆ ಎಲ್ಲಾ ಸೇರಿದ ಸೆಟ್ ಸಿಗುತ್ತದೆ. ನನ್ನ ಕೈಯಲ್ಲಿರುವುದು 300 ಡಾಲರ್. ಈಗಾಗಲೇ ಕಪಾಟಿನಲ್ಲಿ ಒಂದು ಕ್ಯಾಮೆರಾ ಧೂಳು ತಿನ್ನುತ್ತಿದೆ, ಇದೂ ಹಾಗೇ ಆಗುತ್ತೆ ಅಂತ ಹೆಂಡತಿಯ ಆತಂಕ. 12 ವರ್ಷದ ಮಗನೂ ಬರುತ್ತೇನೆ ಅನ್ನುತ್ತಿದ್ದಾನೆ. ಏನು ತಗೊಳ್ಳಲಿ? ನೀರಿಗಿಳಿಯಲು ಹಾಕುವ ವೇಡರ್ಸ್, ಅಂದರೆ ನೀರು ಒಳಗೆ ಬಿಡದ ಪ್ಯಾಂಟು, ಬೇಕೇ ಬೇಕಾ? ಊರಿಗೆ ಬಂದಾಗ ಇದೇ ರಾಡ್ ಕಾವೇರಿಯಲ್ಲಿ ಬಳಸಬಹುದಾ?

ಉತ್ತರ: ಮೊದಲು ಮನೆಯವರಿಗೆ ಹೇಳಿಬಿಡಿ, 300 ಡಾಲರ್ ಸಾಕು. ಲೈಸೆನ್ಸ್ ದುಡ್ಡು ಮಾತ್ರ ಬೇರೆ.

ನಿಮ್ಮ ಪತ್ರ ಓದಿದಾಗ ನನಗೆ ಕಂಡ ಅಳುಕು ಬೇರೆಯೇ. ಅಗ್ಗದ್ದು ತಗೊಂಡು, ಎಸೆತ ಬರದೆ ಒದ್ದಾಡಿ, ತಪ್ಪು ಕೈಯದೋ ಸಾಮಾನಿನದೋ ಗೊತ್ತಾಗದೆ ಬಿಟ್ಟುಬಿಟ್ಟರೆ ಅಂತ, ಅಲ್ವಾ? ಆ ಭಯದಲ್ಲಿ ಅರ್ಥವಿದೆ. ನಾನು ಅಂಗಡಿಯಲ್ಲಿ ಸಾಮಾನು ಮಾರುತ್ತೇನೆ, ವಾರಾಂತ್ಯದಲ್ಲಿ ಗೈಡ್ ಆಗಿ ಜನರನ್ನು ನದಿಗೆ ಕರೆದುಕೊಂಡು ಹೋಗುತ್ತೇನೆ. "ನನ್ನ ರಾಡ್ ಸರಿ ಇಲ್ಲ" ಅಂತ ಬರುವ ಹೊಸಬರಲ್ಲಿ ಹೆಚ್ಚಿನವರ ರಾಡ್ ಸರಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಅದರ ಮೇಲಿನ ಲೈನು. ಅದು ಯಾಕೆ ಅನ್ನುವುದನ್ನು ಅರ್ಥ ಮಾಡಿಕೊಂಡರೆ ಏನು ಕೊಳ್ಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಹೇಮಾವತಿಯಲ್ಲಿ ನೀವು ಎಸೆಯುತ್ತಿದ್ದದ್ದು ತೂಕವನ್ನು. ಸೀಸದ ಗುಂಡೋ ಹುಳುವೋ ಮುಂದೆ ಹೋಗುತ್ತಿತ್ತು, ದಾರ ಅದರ ಹಿಂದೆ ಹೋಗುತ್ತಿತ್ತು. ಫ್ಲೈ ಫಿಶಿಂಗ್‌ನಲ್ಲಿ ಕೊಕ್ಕೆಗೆ ಕಟ್ಟಿರುವುದು ಒಂದಿಷ್ಟು ಗರಿ, ಕೂದಲು, ನೂಲು. ಇದೇ ಫ್ಲೈ, ಹುಳುವಿನ ನಕಲು. ಅದಕ್ಕೆ ತೂಕವೇ ಇಲ್ಲ. ಹಾಗಾಗಿ ದಪ್ಪನೆಯ ಲೈನಿಗೇ ತೂಕ ಕೊಟ್ಟಿರುತ್ತಾರೆ. ರಾಡ್ ಬಾಗಿ ಆ ಲೈನನ್ನು ಹಿಂದಕ್ಕೆ, ಮುಂದಕ್ಕೆ ಬಿಚ್ಚುತ್ತದೆ, ಫ್ಲೈ ಅದರ ತುದಿಯಲ್ಲಿ ಸುಮ್ನೆ ಸವಾರಿ ಮಾಡುತ್ತದೆ. ಗಾಡಿ ಹೊಡೆಯುವವರ ಬಾರುಕೋಲನ್ನು ನೋಡಿದ್ದೀರಲ್ಲ, ಕೋಲು ಎಷ್ಟೇ ಚೆನ್ನಾಗಿದ್ದರೂ ಬಾರು ಸರಿ ಇಲ್ಲದಿದ್ದರೆ ಚಟೀರ್ ಅನ್ನುವುದಿಲ್ಲ. ಇಲ್ಲೂ ಅಷ್ಟೇ.

ರಾಡ್ ಮೇಲೆ "9 ಅಡಿ, 5 ವೆಯ್ಟ್, 4 ಪೀಸ್" ಅಂತ ಬರೆದಿರುತ್ತದೆ. ಈ 5 ರಾಡ್‌ನ ತೂಕವಲ್ಲ. ಯಾವ ತೂಕದ ಲೈನನ್ನು ಬೀಸಲು ಆ ರಾಡ್ ಮಾಡಿದ್ದಾರೆ ಅನ್ನುವುದರ ನಂಬರು. ಲೈನಿನ ಮೊದಲ 30 ಅಡಿ ಸುಮಾರು 140 ಗ್ರೇನ್, ಅಂದರೆ 9 ಗ್ರಾಂ ಆಸುಪಾಸು ತೂಗಿದರೆ ಅದು 5ರ ಲೈನು. 4ಕ್ಕೆ 120 ಗ್ರೇನ್, 6ಕ್ಕೆ 160. ಕೊಲರಾಡೋದ ಟ್ರೌಟ್ ಮೀನಿಗೆ 9 ಅಡಿಯ 5 ಕಣ್ಣು ಮುಚ್ಚಿಕೊಂಡು ತಗೊಳ್ಳಬಹುದಾದ ಅಳತೆ. ಸಣ್ಣ ತೊರೆಗೆ 4, ಗಾಳಿ ಜಾಸ್ತಿ ಇರುವ ದೊಡ್ಡ ನದಿಗೆ 6 ಇನ್ನೂ ಹಿತ ಅನ್ನುವವರಿದ್ದಾರೆ. ಒಂದೇ ರಾಡ್ ಅಂದರೆ 5.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ. 900 ಡಾಲರ್‌ನ ರಾಡ್ ನಿಜವಾಗಲೂ ಚೆನ್ನಾಗಿರುತ್ತದೆ. ಹಗುರ, ತುದಿ ಬೇಗ ಅಲುಗಾಟ ನಿಲ್ಲಿಸುತ್ತದೆ, ಗುರಿ ತಪ್ಪುವುದು ಕಡಿಮೆ. ನಮ್ಮ ರಾಜ್ಯದ ಮಾಂಟ್ರೋಸ್‌ನಲ್ಲೇ ಸ್ಕಾಟ್ ಕಂಪನಿ ರಾಡ್ ತಯಾರಿಸುತ್ತದೆ. ಅಂಥ ಕಡೆ ನುರಿತ ಕೈಗಳು ಮಾಡುವ ಕೆಲಸಕ್ಕೆ, ಮುರಿದರೆ ಸರಿ ಮಾಡಿಕೊಡುವ ವಾರಂಟಿಗೆ ನೀವು ದುಡ್ಡು ಕೊಡುತ್ತೀರಿ. ಅದರಲ್ಲಿ ಮೋಸವಿಲ್ಲ. ಆದರೆ ಆ ವ್ಯತ್ಯಾಸ ಕೈಗೆ ಗೊತ್ತಾಗುವುದು 60 ಅಡಿ ಆಚೆ ಎಸೆಯುವಾಗ, ಎದುರುಗಾಳಿಯಲ್ಲಿ, ಸಮುದ್ರದ ತೀರದಲ್ಲಿ. ಕ್ಲಿಯರ್ ಕ್ರೀಕ್‌ನಲ್ಲಿ ಮೀನು ಇರುವುದು ನಿಮ್ಮಿಂದ 15ರಿಂದ 30 ಅಡಿ ದೂರದಲ್ಲಿ, ಬಂಡೆಯ ಹಿಂದಿನ ನಿಧಾನ ನೀರಿನಲ್ಲಿ. ಹಿಂದುಗಡೆ ರಸ್ತೆ ಇಲ್ಲವೇ ಗಿಡ. ಅಲ್ಲಿ 60 ಅಡಿ ಎಸೆಯಲು ಜಾಗವೇ ಇಲ್ಲ.

ಇನ್ನೊಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ದುಬಾರಿ ರಾಡ್‌ಗಳಲ್ಲಿ ಬಹಳಷ್ಟು ಗಡಸು, ತುದಿ ಮಾತ್ರ ಬಾಗುತ್ತದೆ. ಹತ್ತಿರಕ್ಕೆ ಎಸೆಯುವಾಗ ಅವು ಬಾಗಿದ್ದೇ ಕೈಗೆ ಗೊತ್ತಾಗುವುದಿಲ್ಲ. ಹೊಸಬರಿಗೆ ನಡುಮಟ್ಟಿಗೆ ಬಾಗುವ, ಸ್ವಲ್ಪ ನಿಧಾನದ ರಾಡ್ ಒಳ್ಳೆಯದು. ಯಾವಾಗ ಲೈನು ಹಿಂದೆ ಪೂರ್ತಿ ಬಿಚ್ಚಿಕೊಂಡಿತು ಅನ್ನುವುದನ್ನು ಅದು ಅಂಗೈಗೆ ಹೇಳುತ್ತದೆ. ಅಂಥ ರಾಡ್‌ಗಳು 100ರಿಂದ 200 ಡಾಲರ್ ಒಳಗೇ ಬೇಕಾದಷ್ಟಿವೆ. ನಂಬಿಕೆ ಬರದಿದ್ದರೆ ಯಾವುದಾದರೂ ಫ್ಲೈ ಅಂಗಡಿಗೆ ಹೋಗಿ, ಒಂದೇ ಲೈನನ್ನು ಎರಡು ಬೆಲೆಯ ರಾಡ್‌ಗಳಿಗೆ ಹಾಕಿಸಿಕೊಂಡು ಹೊರಗಿನ ಹುಲ್ಲಿನ ಮೇಲೆ ಬೀಸಿ ನೋಡಿ. ಹೆಚ್ಚಿನ ಅಂಗಡಿಯವರು ಸಂತೋಷದಿಂದ ಕೊಡುತ್ತಾರೆ.

ಹಾಗಾದರೆ 60 ಡಾಲರ್‌ನ ಸೆಟ್? ಅದರ ರಾಡ್ ಎಷ್ಟೋ ಸಲ ಪರವಾಗಿಲ್ಲ ಅನ್ನುವ ಹಾಗಿರುತ್ತದೆ. ಕೈಕೊಡುವುದು ಲೈನು. ಗಟ್ಟಿ ಪ್ಲಾಸ್ಟಿಕ್ ಲೇಪ, ಸುತ್ತಿಟ್ಟ ರೀಲಿನಿಂದ ಹೊರಗೆ ತೆಗೆದರೆ ಸ್ಪ್ರಿಂಗ್ ಥರ ಸುರುಳಿ. ತಣ್ಣೀರಿನಲ್ಲಿ ಇನ್ನೂ ಬಿರುಸಾಗುತ್ತದೆ. ತುದಿ ತೇಲಬೇಕಾದದ್ದು ಮುಳುಗುತ್ತದೆ. ರಾಡ್‌ನಲ್ಲಿ ಲೈನು ಹಾಯುವ ಉಂಗುರಗಳ ಒರಟು ಅಂಚು ಲೇಪವನ್ನು ಕೆರೆಯುತ್ತದೆ. ಅದನ್ನು ಕಿತ್ತು ಹಾಕಿ 40-50 ಡಾಲರ್ ಕೊಟ್ಟು ಹೊಸ ಲೈನು ಹಾಕಿದರೆ ಆ ಸೆಟ್ ಕೆಲಸ ಮಾಡೀತು. ಆದರೆ ಅಷ್ಟು ಹೊತ್ತಿಗೆ ನಿಮ್ಮ ಖರ್ಚು 110 ಆಗಿರುತ್ತದೆ, ವಾರಂಟಿಯೂ ಇಲ್ಲ, ಕೇಳಲು ಅಂಗಡಿಯೂ ಇಲ್ಲ. ಜೊತೆಗೆ ಬರುವ ಫ್ಲೈಗಳ ಕೊಕ್ಕೆ ಕೈಯಲ್ಲೇ ನೇರ ಆಗುವಷ್ಟು ಮೆತ್ತಗೆ ಇದ್ದದ್ದನ್ನೂ ನೋಡಿದ್ದೇನೆ.

ತಪ್ಪು ಕೈಯದೋ ಸಾಮಾನಿನದೋ ಅನ್ನುವ ಅಳುಕಿನ ಬಗ್ಗೆ ಹೇಳಿದೆನಲ್ಲ, ಅದನ್ನು ಹೀಗೆ ಬೇರೆ ಮಾಡಿ ನೋಡಿ. ಮುಂದಕ್ಕೆ ಬೀಸಿದಾಗ ಬೆನ್ನ ಹಿಂದೆ ಚಾಟಿಯ ಸದ್ದು ಬಂದು ಫ್ಲೈ ಕಿತ್ತು ಹೋಗುತ್ತಿದ್ದರೆ, ಲೈನು ಹಿಂದೆ ಬಿಚ್ಚುವ ಮೊದಲೇ ನೀವು ಅವಸರ ಮಾಡಿದ್ದೀರಿ. ಹಿಂದಿನ ಹುಲ್ಲಿಗೆ ಫ್ಲೈ ಸಿಕ್ಕಿಕೊಳ್ಳುತ್ತಿದ್ದರೆ ರಾಡನ್ನು ತೀರಾ ಕೆಳಗೆ ಒಯ್ಯುತ್ತಿದ್ದೀರಿ. ಕಿವಿಯ ನೇರದಿಂದ ಸ್ವಲ್ಪ ಹಿಂದೆ ಹೋಗುತ್ತಲೇ ಟಕ್ಕನೆ ನಿಲ್ಲಿಸಬೇಕು. ತೆಳ್ಳನೆ ದಾರದಲ್ಲಿ ತಾನಾಗಿ ಗಂಟುಗಳು ಬೀಳುತ್ತಿದ್ದರೆ ಬಲವನ್ನು ಒಮ್ಮೆಲೇ ಹಾಕುತ್ತಿದ್ದೀರಿ. ಗಾಳಿಯನ್ನು ಬೈಯುವುದು ರೂಢಿ, ಪಾಪ ಅದರ ತಪ್ಪಿರುವುದಿಲ್ಲ. ಈ ಮೂರೂ ಕೈಯ ಸಮಸ್ಯೆಗಳು. 900 ಡಾಲರ್ ರಾಡ್ ಹಿಡಿದರೂ ಬರುತ್ತವೆ. ಆದರೆ ಲೈನು ನೀರಿನ ಮೇಲೆ ಸುರುಳಿ ಸುರುಳಿಯಾಗಿ ಬಿದ್ದಿರುವುದು, ಉಂಗುರಗಳಲ್ಲಿ ಕೆರೆಯುತ್ತಾ ಸಾಗುವುದು, ತುದಿ ಮುಳುಗುವುದು, ಲೇಪ ಬಿರುಕು ಬಿಡುವುದು ಸಾಮಾನಿನ ತಪ್ಪು. ರಾಡ್ ಎಷ್ಟು ಬೀಸಿದರೂ ಬಾಗಿದ್ದೇ ಗೊತ್ತಾಗದಿದ್ದರೆ ಲೈನು ಆ ರಾಡ್‌ಗೆ ತೀರಾ ಹಗುರ. ಈಗಿನ ಎಷ್ಟೋ ಲೈನುಗಳು 5 ಅಂತ ಹೆಸರಿದ್ದರೂ ಅರ್ಧ ನಂಬರು ಜಾಸ್ತಿಯೇ ತೂಗುತ್ತವೆ. ಹೊಸಬರಿಗೆ ಅದು ಅನುಕೂಲವೇ.

ನಿಮ್ಮ ಮುಂದೆ ನಾಲ್ಕು ದಾರಿ ಇವೆ.

ನಾನು ಹೆಚ್ಚಿನವರಿಗೆ ಹೇಳುವುದು ಹೆಸರಿರುವ ಕಂಪನಿಯ ರೆಡಿ ಸೆಟ್. ಆರ್ವಿಸ್, ರೆಡಿಂಗ್ಟನ್, ಎಕೋ, ಈ ಥರದ ಕಂಪನಿಗಳವು. 150ರಿಂದ 250 ಡಾಲರ್ ಒಳಗೆ ರಾಡ್, ರೀಲ್, ಲೈನಿನ ಹಿಂದೆ ಸುತ್ತುವ ಬ್ಯಾಕಿಂಗ್ ದಾರ, ತೇಲುವ ಲೈನು, ಅದರ ತುದಿಯ ತೆಳ್ಳನೆ ದಾರವಾದ ಲೀಡರ್ ಎಲ್ಲ ಸುತ್ತಿ ಕೊಟ್ಟಿರುತ್ತಾರೆ. ಗಂಟು ಹಾಕುವ ತಲೆನೋವೂ ಇಲ್ಲ. ಇದರ ಕೊರತೆ ಏನೆಂದರೆ ಜೊತೆಗಿರುವ ಲೈನು ಸಾಧಾರಣದ್ದು. ಒಂದೆರಡು ಸೀಸನ್ ಆದ ಮೇಲೆ ಬದಲಿಸಬೇಕಾಗುತ್ತದೆ. ಆಗ 70-80 ಡಾಲರ್‌ನ ಒಳ್ಳೆ ಲೈನು ಹಾಕಿ, ಅದೇ ರಾಡ್ ಬೇರೆಯದೇ ಅನ್ನಿಸುತ್ತದೆ. ರಾಡ್ ಬದಲಿಸುವ ಆಸೆ ಬಂದಾಗಲೆಲ್ಲ ಮೊದಲು ಲೈನು ಬದಲಿಸಿ ನೋಡಿ.

ಎರಡನೆಯದು ಸೆಕೆಂಡ್ ಹ್ಯಾಂಡ್. ಡೆನ್ವರ್ ಸುತ್ತ ಈ ಹುಚ್ಚು ಹಿಡಿದು ಬಿಟ್ಟವರೂ ಬಹಳ, ಮೇಲಿಂದ ಮೇಲೆ ಹೊಸ ರಾಡ್ ಕೊಂಡು ಹಳೆಯದನ್ನು ಮಾರುವವರೂ ಬಹಳ. 400 ಡಾಲರ್‌ನ ರಾಡ್ ಅರ್ಧ ಬೆಲೆಗೆ ಸಿಕ್ಕೀತು. ಆದರೆ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ. ತಗೊಳ್ಳುವ ಮುಂಚೆ ತುಂಡುಗಳು ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಉಂಗುರಗಳ ಒಳಗೆ ಸ್ವಲ್ಪ ಹತ್ತಿ ಆಡಿಸಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ತರಿ ಇದೆ ಅಂತ ಲೆಕ್ಕ. ಅದರ ಮೇಲಿನ ಹಳೆ ಲೈನನ್ನು ಯೋಚಿಸದೆ ಎಸೆದುಬಿಡಿ. ಏನೂ ಗೊತ್ತಿಲ್ಲದೆ ಒಬ್ಬರೇ ಹೋಗಿ ತಗೊಳ್ಳುವ ದಾರಿ ಇದಲ್ಲ, ಬೇಕಾದರೆ ಆ ಗೆಳೆಯರನ್ನೇ ಕರೆದುಕೊಂಡು ಹೋಗಿ.

ಮೂರನೆಯದು ತೆಂಕಾರಾ. ಜಪಾನಿನ ಬೆಟ್ಟದ ತೊರೆಗಳಲ್ಲಿ ಬಳಸುವ ಪದ್ಧತಿ. ರೀಲೇ ಇಲ್ಲ. ಒಂದರೊಳಗೊಂದು ಸೇರಿಕೊಳ್ಳುವ 11-12 ಅಡಿಯ ಕೋಲು, ತುದಿಗೆ ಅಷ್ಟೇ ಉದ್ದದ ದಾರ, ಅದಕ್ಕೊಂದು ಫ್ಲೈ. ನೀವು ಹೇಮಾವತಿಯಲ್ಲಿ ಹಿಡಿದಿದ್ದ ಕೋಲಿಗೆ ಇದು ಹತ್ತಿರದ ನೆಂಟ. 70ರಿಂದ 150 ಡಾಲರ್‌ಗೆ ಮುಗಿಯುತ್ತದೆ, ಮೊದಲ ದಿನವೇ ಎಸೆಯಲು ಬರುತ್ತದೆ. ಸಣ್ಣ ತೊರೆಯಲ್ಲಿ ಇದಕ್ಕಿಂತ ಚೆಂದದ ಸಾಧನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ದಾರ ಉದ್ದ ಮಾಡಲು ಬರುವುದಿಲ್ಲ. ದೊಡ್ಡ ನದಿಯಲ್ಲಿ, ಜೋರು ಗಾಳಿಯಲ್ಲಿ ಕೈ ಕಟ್ಟಿದ ಹಾಗಾಗುತ್ತದೆ. ದೊಡ್ಡ ಮೀನು ಓಡಿದರೆ ದಾರ ಬಿಡಲು ಆಗದೆ ತುಂಡಾಗುತ್ತದೆ. ಇದರಲ್ಲಿ ಕಲಿತ ಎಸೆತ ರೀಲಿನ ರಾಡ್‌ಗೆ ಪೂರ್ತಿ ಉಪಯೋಗಕ್ಕೆ ಬರುವುದೂ ಇಲ್ಲ.

ನಾಲ್ಕನೆಯದು ಏನೂ ಕೊಳ್ಳದೆ ಗೈಡ್ ಜೊತೆ ಹೋಗುವುದು. ಸಾಮಾನೆಲ್ಲ ಅವರೇ ಕೊಡುತ್ತಾರೆ. ಅರ್ಧ ದಿನದಲ್ಲಿ ಎಷ್ಟೋ ಕಲಿಯುತ್ತೀರಿ, ಆದರೆ ಅಷ್ಟಕ್ಕೇ ನಿಮ್ಮ 300 ಡಾಲರ್ ಮುಗಿದಿರುತ್ತದೆ. ನನ್ನ ಹೊಟ್ಟೆಪಾಡಿಗೆ ವಿರುದ್ಧದ ಮಾತು, ಆದರೂ ಹೇಳುತ್ತೇನೆ: ಈಗಲೇ ಬೇಡ. ಫ್ಲೈ ಅಂಗಡಿಗಳು ಬೇಸಿಗೆ ಶುರುವಿನಲ್ಲಿ ಪುಕ್ಕಟೆ ಪಾಠ ಇಡುತ್ತವೆ. ಟ್ರೌಟ್ ಮೀನಿನ ನದಿಗಳನ್ನು ಕಾಯುವ ಟ್ರೌಟ್ ಅನ್‌ಲಿಮಿಟೆಡ್ ಅನ್ನುವ ಸಂಸ್ಥೆ 1959ರಿಂದ ಇದೆ, ಡೆನ್ವರ್‌ನಲ್ಲೂ ಅದರ ಶಾಖೆ ಇದೆ. ಅಲ್ಲಿಗೆ ಹೋದರೆ ಕಲಿಸುವ ಹಿರಿಯರು ಸಿಗುತ್ತಾರೆ, ದುಡ್ಡು ಕೇಳುವುದಿಲ್ಲ.

ನಿಮಗೆ ನನ್ನ ಆಯ್ಕೆ ಮೊದಲನೆಯದು: 180-200 ಡಾಲರ್‌ನ 9 ಅಡಿ 5ರ ಸೆಟ್. ಮಗನಿಗೆ ಬೇರೆ ಈಗಲೇ ಬೇಡ. ಒಂದೇ ರಾಡ್ ಇಬ್ಬರೂ ಹಂಚಿಕೊಳ್ಳಿ. ಒಬ್ಬ ಎಸೆಯುವಾಗ ಇನ್ನೊಬ್ಬ ಹಿಂದೆ ನಿಂತು ಲೈನು ಬಿಚ್ಚುವುದನ್ನು ನೋಡಿ ಹೇಳಿದರೆ ಇಬ್ಬರೂ ಬೇಗ ಕಲಿಯುತ್ತೀರಿ. ಅವನು ನಿಮ್ಮನ್ನು ತಿದ್ದುವುದನ್ನು ತಡೆದುಕೊಳ್ಳಬೇಕು, ಅಷ್ಟೇ. ಬೇಸಿಗೆ ಕಳೆದ ಮೇಲೂ ಅವನ ಆಸೆ ಉಳಿದರೆ ಒಂದು ತೆಂಕಾರಾ ಕೊಡಿಸಿ.

ರೀಲಿನ ಬಗ್ಗೆ ಜಾಸ್ತಿ ಯೋಚಿಸಬೇಡಿ. ನಮ್ಮ ತೊರೆಗಳ 8-12 ಇಂಚಿನ ಟ್ರೌಟ್‌ಗೆ ಅದು ಲೈನು ಸುತ್ತಿಡುವ ಡಬ್ಬಿ. ಮೀನನ್ನು ಕೈಯಲ್ಲೇ ಲೈನು ಎಳೆದು ತರುತ್ತೀರಿ. ಸೆಟ್ ಜೊತೆ ಬಂದದ್ದೇ ಸಾಕು.

ಹೊಸಬರ ದುಡ್ಡು ನಿಜವಾಗಿ ಸೋರುವುದು ಫ್ಲೈ ಡಬ್ಬಿಯಲ್ಲಿ. ಒಂದೊಂದು ಫ್ಲೈ ಎರಡೂವರೆ, ಮೂರು ಡಾಲರ್. ಅಂಗಡಿಯ ಖಾನೆಗಳಲ್ಲಿ ನೂರಾರು ಬಗೆ, ಎಲ್ಲವೂ ಮುದ್ದಾಗಿ ಕಾಣುತ್ತವೆ. ನೆನಪಿರಲಿ, ಕೆಲವು ಮೀನನ್ನು ಹಿಡಿಯಲು ಮಾಡಿದ್ದು, ಕೆಲವು ಮನುಷ್ಯನನ್ನು. ಐದಾರು ಬಗೆಯಲ್ಲಿ ಎರಡೆರಡು ಸಾಕು. ನೀರಿನ ಮೇಲೆ ತೇಲಲು ಪ್ಯಾರಾಶೂಟ್ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್. ಆಡಮ್ಸ್ ಅನ್ನು 1922ರಲ್ಲಿ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ್ದು. ಯಾವುದೋ ಒಂದು ನಿರ್ದಿಷ್ಟ ಹುಳುವಿನ ಹಾಗೆ ಅದು ಕಾಣುವುದಿಲ್ಲ, ಬೇಕಾದಷ್ಟು ಹುಳುಗಳ ಹಾಗೆ ಸ್ವಲ್ಪ ಸ್ವಲ್ಪ ಕಾಣುತ್ತದೆ, ಅದಕ್ಕೇ ಎಲ್ಲಾ ಕಡೆ ನಡೆಯುತ್ತದೆ. ನೀರಿನೊಳಗೆ ಮುಳುಗಲು ಫೆಸೆಂಟ್ ಟೇಲ್, ಹೇರ್ಸ್ ಇಯರ್, ಜೀಬ್ರಾ ಮಿಡ್ಜ್. ಎಳೆದು ತರಲು ಒಂದು ವೂಲಿ ಬಗ್ಗರ್. ಟ್ರೌಟ್ ತಿನ್ನುವುದರಲ್ಲಿ ಹೆಚ್ಚು ಪಾಲು ನೀರಿನೊಳಗಿನ ಹುಳುಗಳೇ, ಹಾಗಾಗಿ ಮುಳುಗುವ ಫ್ಲೈ ಜಾಸ್ತಿ ಇರಲಿ. ಮುಂದೆ ಸೌತ್ ಪ್ಲಾಟ್ ನದಿಗೆ ಹೋದರೆ ಆರ್‌ಎಸ್2 ಅನ್ನುವುದನ್ನು ಸೇರಿಸಿಕೊಳ್ಳಿ. ಅದನ್ನು ರೂಪಿಸಿದ್ದು ಇಲ್ಲಿಯವರೇ ಆದ ರಿಮ್ ಚಂಗ್. ಆದರೆ ಅದೇ ಸೌತ್ ಪ್ಲಾಟ್‌ನ ಚೀಸ್‌ಮನ್ ಕಣಿವೆಗೆ ಮೊದಲ ತಿಂಗಳಲ್ಲೇ ಹೋಗಬೇಡಿ. ಅಲ್ಲಿನ ಮೀನುಗಳು ಎಷ್ಟು ಜನರ ಫ್ಲೈ ನೋಡಿವೆಯೆಂದರೆ, ಅಕ್ಕಿ ಕಾಳಿಗಿಂತ ಸಣ್ಣದನ್ನು ಕೊಟ್ಟರೂ ಮೂಸಿ ನೋಡಿ ಹೋಗುತ್ತವೆ. ಹೆಸರು ಕೇಳಿ ಹೋದ ಹೊಸಬರು ಬೇಜಾರಾಗಿ ರಾಡ್ ಮಾರುವುದು ಅಲ್ಲಿಂದ ಬಂದ ಮೇಲೆಯೇ.

ಲೈನಿನ ತುದಿಗೆ ಕಟ್ಟುವ ತೆಳ್ಳಗಿನ ಪಾರದರ್ಶಕ ದಾರ ಲೀಡರ್, ಅದರ ತುದಿಗೆ ಸೇರಿಸುವ ಇನ್ನೂ ತೆಳ್ಳನೆಯದು ಟಿಪೆಟ್. ಇವಕ್ಕೆ 3ಎಕ್ಸ್, 5ಎಕ್ಸ್ ಅಂತ ನಂಬರು. 11ರಿಂದ ಆ ನಂಬರು ಕಳೆದರೆ ದಪ್ಪ ಸಿಗುತ್ತದೆ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಅಂದರೆ 5ಎಕ್ಸ್ ದಾರ 0.006 ಇಂಚು. ಯಾವ ಫ್ಲೈಗೆ ಯಾವುದು ಅಂದರೆ ಕೊಕ್ಕೆಯ ನಂಬರನ್ನು 3 ಅಥವಾ 4ರಿಂದ ಭಾಗಿಸಿ. 16ನೇ ನಂಬರಿನ ಫ್ಲೈಗೆ 4ಎಕ್ಸ್ ಇಲ್ಲವೇ 5ಎಕ್ಸ್. ನಿಮಗೆ 9 ಅಡಿಯ 5ಎಕ್ಸ್ ಲೀಡರ್ ಒಂದೆರಡು, ಒಂದು ಸುರುಳಿ 5ಎಕ್ಸ್ ನೈಲಾನ್ ಟಿಪೆಟ್ ಸಾಕು. ದುಬಾರಿ ಫ್ಲೋರೋಕಾರ್ಬನ್ ದಾರ ಈಗ ಬೇಡ. ಹರಿಯುವ ಕದಡಿದ ನೀರಿನಲ್ಲಿ ಹೊಸಬರಿಗೆ ಅದರಿಂದ ಆಗುವ ಲಾಭ ಕಡಿಮೆ.

ದಾರ ಕತ್ತರಿಸಲು ಉಗುರು ಕಟ್ಟರ್ ಸಾಕು, 30 ಡಾಲರ್‌ನ ವಿಶೇಷ ಕಟ್ಟರ್ ಬೇಡ. ಕೊಕ್ಕೆ ಬಿಡಿಸಲು ಒಂದು ಫೋರ್ಸೆಪ್ಸ್, ಅಂದರೆ ಚಿಮಟ, ಬೇಕು. ಅದರಿಂದಲೇ ಕೊಕ್ಕೆಯ ಮುಳ್ಳನ್ನು ಅದುಮಿ ಚಪ್ಪಟೆ ಮಾಡಿಕೊಳ್ಳಿ. ಮೀನನ್ನು ಬಿಡುವುದು ಸುಲಭ, ಮಗನ ಕಿವಿಗೆ ಚುಚ್ಚಿದರೆ ತೆಗೆಯುವುದೂ ಸುಲಭ. ಇದು ತಮಾಷೆಗೆ ಹೇಳಿದ ಮಾತಲ್ಲ. 25 ಡಾಲರ್‌ನ ಪೋಲರೈಸ್ಡ್ ಕನ್ನಡಕ ಇಬ್ಬರಿಗೂ ಬೇಕೇ ಬೇಕು. ಮೊದಲನೆಯದಾಗಿ ಕಣ್ಣಿಗೆ ಕೊಕ್ಕೆ ಬೀಳುವುದು ತಪ್ಪುತ್ತದೆ. ಎರಡನೆಯದಾಗಿ ನೀರಿನ ಹೊಳಪು ಹೋಗಿ ತಳ, ಬಂಡೆ, ಒಮ್ಮೊಮ್ಮೆ ಮೀನೂ ಕಾಣುತ್ತದೆ. ಇಷ್ಟು ಬೆಲೆಗೆ ಇಷ್ಟು ಉಪಯೋಗ ಕೊಡುವ ಇನ್ನೊಂದು ಸಾಮಾನು ಈ ಹವ್ಯಾಸದಲ್ಲಿಲ್ಲ.

ವೇಡರ್ಸ್ ಬೇಡ, ಈ ವರ್ಷವಂತೂ ಬೇಡ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬೇಗ ಒಣಗುವ ಪ್ಯಾಂಟು, ಹಿಡಿತವಿರುವ ಹಳೆ ಬೂಟು ಹಾಕಿಕೊಂಡು ಮೊಣಕಾಲು ನೀರಿಗೆ ಇಳಿದರೆ ಸಾಕು. ಕ್ಲಿಯರ್ ಕ್ರೀಕ್‌ನ ಬಹುಪಾಲು ದಡದಿಂದಲೇ ಸಿಗುತ್ತದೆ. ವೇಡರ್ಸ್ ಒಳಗೆ ನೀರು ನುಗ್ಗಿದರೆ ಕಲ್ಲಿನ ಹಾಗೆ ಮುಳುಗಿಸುತ್ತದೆ ಅನ್ನುವ ಹೆದರಿಕೆ ಸರಿಯಲ್ಲ, ನೀರಿನೊಳಗೆ ನೀರಿಗೆ ತೂಕವಿಲ್ಲ. ನಿಜವಾದ ಅಪಾಯ ಸೆಳೆತ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಬೆಟ್ಟದ ಹಿಮ ಕರಗಿ ತೊರೆಗಳು ಉಕ್ಕುತ್ತವೆ. ಮಲೆನಾಡಿನ ಮಳೆಗಾಲದ ಹೊಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಜೊತೆಗೆ ಈ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಆ ಆರು ವಾರ ಮಗನ ಜೊತೆ ತೊರೆಗೆ ಇಳಿಯಲೇಬೇಡಿ.

ಆಗ ನಿಮ್ಮ ಪಾಠಶಾಲೆ ಆರೋರಾ ಸುತ್ತಮುತ್ತಲಿನ ಕೆರೆಗಳು. ಅಲ್ಲಿ ಬ್ಲೂಗಿಲ್ ಅನ್ನುವ ಅಂಗೈ ಅಗಲದ ಮೀನು ದಡದ ಹತ್ತಿರವೇ ಇರುತ್ತದೆ, ನೀರಿಗೆ ಬಿದ್ದ ಯಾವ ಫ್ಲೈಯನ್ನೂ ಬಿಡುವುದಿಲ್ಲ. ಫ್ಲೈ ಫಿಶಿಂಗ್ ಮಾಡುವವರಲ್ಲಿ ಕೆಲವರಿಗೆ ಕೆರೆಯ ಮೀನು ಅಂದರೆ ತಾತ್ಸಾರ. ಹುಡುಗನಿಗೆ ಬೇಕಾದದ್ದು ಮೀನು, ಪ್ರತಿಷ್ಠೆ ಅಲ್ಲ. ಕೆರೆಗೂ ಮೊದಲು ಹತ್ತಿರದ ಪಾರ್ಕಿನ ಹುಲ್ಲಿನಲ್ಲಿ ಫ್ಲೈ ಬದಲು ಒಂದು ಉಣ್ಣೆ ನೂಲು ಕಟ್ಟಿ ದಿನಕ್ಕೆ ಹತ್ತು ನಿಮಿಷ ಬೀಸಿ. ನಾಯಿ ವಾಕಿಂಗ್‌ಗೆ ಬಂದವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ರಾಡ್ ಮುರಿಯುವುದು ಮೀನಿನಿಂದ ಅಂತ ಜನ ಅಂದುಕೊಂಡಿದ್ದಾರೆ. ನಮ್ಮಲ್ಲಿಗೆ ರಿಪೇರಿಗೆ ಬರುವ ರಾಡ್‌ಗಳಲ್ಲಿ ಹೆಚ್ಚಿನವನ್ನು ಮುರಿದದ್ದು ಕಾರಿನ ಬಾಗಿಲು. ಇನ್ನೊಂದಿಷ್ಟು, ಮೀನನ್ನು ದಡಕ್ಕೆ ತರುವಾಗ ರಾಡನ್ನು ನೆಟ್ಟಗೆ ತಲೆ ಹಿಂದಕ್ಕೆ ಎತ್ತಿದ್ದರಿಂದ ತುದಿ ಮುರಿದವು. ಲೋಹದ ಮಣಿ ಇರುವ ಫ್ಲೈ ಎಸೆಯುವಾಗ ರಾಡ್‌ಗೆ ತಗುಲಿದರೂ ಕಣ್ಣಿಗೆ ಕಾಣದ ಗಾಯವಾಗಿ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ತುಂಡುಗಳು ಸೇರುವ ಜಾಗ ಆಡುತ್ತಾ ಆಡುತ್ತಾ ಸಡಿಲವಾಗುತ್ತದೆ, ನಡುನಡುವೆ ಒತ್ತಿ ನೋಡಿ. ಲೈನಿಗೆ ದೊಡ್ಡ ಶತ್ರು ಸೊಳ್ಳೆ ಸ್ಪ್ರೇ. ಡೀಟ್ ಅನ್ನುವ ರಾಸಾಯನಿಕ ಇರುವ ಸ್ಪ್ರೇ ಹಚ್ಚಿದ ಕೈಯಲ್ಲಿ ಮುಟ್ಟಿದರೆ ಲೇಪ ಕರಗುತ್ತದೆ. ಆಗಾಗ ಬೆಚ್ಚಗಿನ ಸೋಪು ನೀರಿನಲ್ಲಿ ಲೈನು ಒರೆಸಿದರೆ ಒಂದು ಸೀಸನ್ ಜಾಸ್ತಿ ಬಾಳುತ್ತದೆ. ಇನ್ನೊಂದು, ಕಾರ್ಬನ್ ರಾಡ್‌ನಲ್ಲಿ ಕರೆಂಟ್ ಹರಿಯುತ್ತದೆ. ಜುಲೈ-ಆಗಸ್ಟ್ ಮಧ್ಯಾಹ್ನ ಬೆಟ್ಟದಲ್ಲಿ ಗುಡುಗು ಕೇಳಿಸಿದರೆ ರಾಡ್ ಕೆಳಗಿಟ್ಟು ಕಾರಿಗೆ ಹೋಗಿ. ಕರೆಂಟ್ ತಂತಿಯ ಕೆಳಗೆ ಬೀಸುವುದಂತೂ ಬೇಡವೇ ಬೇಡ.

ಲೈಸೆನ್ಸ್ 16 ವರ್ಷ ತುಂಬಿದವರಿಗೆ ಕಡ್ಡಾಯ, ಮಗನಿಗೆ ಬೇಡ. ರಾಜ್ಯದಲ್ಲಿ ಆರು ತಿಂಗಳು ಸತತ ಇದ್ದವರಿಗೆ ನಿವಾಸಿ ದರ, ನಿಮಗೆ ಅದು ಸಿಗುತ್ತದೆ. ವನ್ಯಜೀವಿಗಳ ನೆಲೆ ಕಾಪಾಡಲು ಕಟ್ಟುವ ಹ್ಯಾಬಿಟಾಟ್ ಸ್ಟಾಂಪ್ ಸೇರಿ ವರ್ಷಕ್ಕೆ 50 ಡಾಲರ್ ಆಸುಪಾಸು. ಮಾರ್ಚ್ 1ರಿಂದ ಮುಂದಿನ ವರ್ಷದ ಮಾರ್ಚ್ 31ರವರೆಗೆ ನಡೆಯುತ್ತದೆ, ಹಾಗಾಗಿ ಫೆಬ್ರವರಿಯಲ್ಲಿ ಕೊಂಡು ನಷ್ಟ ಮಾಡಿಕೊಳ್ಳಬೇಡಿ. ಜೂನ್‌ನ ಮೊದಲ ಪೂರ್ತಿ ವಾರಾಂತ್ಯ ಎಲ್ಲರಿಗೂ ಲೈಸೆನ್ಸ್ ಇಲ್ಲದೆ ಗಾಳ ಹಾಕಲು ಬಿಡುತ್ತಾರೆ. ಮನೆಯವರನ್ನೂ ಕರೆದುಕೊಂಡು ಹೋಗಲು ಅದು ಒಳ್ಳೆಯ ದಿನ.

ನಮ್ಮೂರಿನ ಅಭ್ಯಾಸದಲ್ಲಿ ಒಂದನ್ನು ಇಲ್ಲಿ ಬಿಡಬೇಕು. ಹೊಳೆ ಎಲ್ಲರದ್ದು ಅಂತ ಎಲ್ಲೆಂದರಲ್ಲಿ ಇಳಿಯುವ ಹಾಗಿಲ್ಲ. ಕೊಲರಾಡೋದಲ್ಲಿ ಖಾಸಗಿ ಜಮೀನಿನ ಮೂಲಕ ಹರಿಯುವ ತೊರೆಯ ತಳ ಆ ಜಮೀನಿನವರದ್ದೇ. 1979ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಎಮರ್ಟ್ ಪ್ರಕರಣದಲ್ಲಿ ಇದನ್ನು ಎತ್ತಿಹಿಡಿಯಿತು. ಕಾಲಿಟ್ಟರೆ ಅತಿಕ್ರಮ ಪ್ರವೇಶದ ಕೇಸು. ಸಾರ್ವಜನಿಕ ಜಾಗ ಅನ್ನುವ ಫಲಕ ಇದ್ದಲ್ಲೇ ಇಳಿಯಿರಿ. ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ತೊಳೆದು ಒಣಗಿಸಿ. 2004ರಲ್ಲಿ ಬೌಲ್ಡರ್ ಕ್ರೀಕ್‌ನಲ್ಲಿ ನ್ಯೂಜಿಲೆಂಡ್‌ನ ಒಂದು ಪುಟ್ಟ ಬಸವನಹುಳು ಕಾಣಿಸಿಕೊಂಡಿತು. ಅಂಥವು ಊರೂರು ಸುತ್ತುವುದು ಜನರ ಬೂಟಿಗೆ ಅಂಟಿಕೊಂಡು. ಬೂಟು ಕೊಳ್ಳುವ ದಿನ ಬಂದರೆ ಫೆಲ್ಟ್, ಅಂದರೆ ಒತ್ತಿದ ಉಣ್ಣೆಯಂಥ ಬಟ್ಟೆಯ ಅಡಿಯದ್ದು ಬೇಡ, ರಬ್ಬರ್ ಅಡಿಯದ್ದೇ ಇರಲಿ. ಫೆಲ್ಟ್ ಒಣಗುವುದು ನಿಧಾನ, ಯೆಲ್ಲೋಸ್ಟೋನ್ ಪಾರ್ಕಿನಲ್ಲಿ 2018ರಿಂದ ಅದಕ್ಕೆ ನಿಷೇಧವೇ ಇದೆ. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಟ್ರೌಟ್‌ಗೆ ಉಸಿರಾಟ ಕಷ್ಟ, ಹಿಡಿದು ಬಿಟ್ಟರೂ ಸಾಯಬಹುದು. ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ ಬಂದುಬಿಡಿ.

ಖರ್ಚಿನ ಲೆಕ್ಕ ಕೇಳಿದರೆ, ಸೆಟ್ 180-200, ಕನ್ನಡಕ 25, ಫ್ಲೈ 35, ಲೀಡರ್, ಟಿಪೆಟ್, ಫೋರ್ಸೆಪ್ಸ್ ಎಲ್ಲ ಸೇರಿ 30. ಮಗನಿಗೊಂದು ಕನ್ನಡಕ ಸೇರಿಸಿದರೆ 295ರಿಂದ 315, ಹಾಗಾಗಿ 180ರ ಸೆಟ್ ತಗೊಂಡರೆ 300 ಒಳಗೇ ಮುಗಿಯುತ್ತದೆ. ಬೇಡ ಅನ್ನಿಸಿದರೆ ಹೆಸರಿರುವ ಕಂಪನಿಯ ಸೆಟ್ಟನ್ನು ಒಳ್ಳೆ ಸ್ಥಿತಿಯಲ್ಲಿ ಅರ್ಧ ಬೆಲೆಗಾದರೂ ಮಾರಬಹುದು. 60 ಡಾಲರ್‌ನದ್ದನ್ನು ಯಾರೂ ಕೊಳ್ಳುವುದಿಲ್ಲ.

ಕಾವೇರಿಯ ವಿಷಯ. ನೀವು ಕೇಳಿರಬಹುದು, ಭೀಮೇಶ್ವರಿ, ಗಾಲಿಬೋರೆಯಲ್ಲಿ ಮೊದಲು ಮಹಶೀರ್ ಹಿಡಿದು ಬಿಡುವ ಕ್ಯಾಂಪುಗಳಿದ್ದವು. ಅದು ಕಾವೇರಿ ವನ್ಯಜೀವಿ ಧಾಮದ ಜಾಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣಕ್ಕೆ ಅಲ್ಲಿನ ಗಾಳದ ಆಟ ನಿಂತುಹೋಗಿದೆ. ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಇದೆ. ಹಾಗಾಗಿ ಅಲ್ಲಿಗೆ ರಾಡ್ ಒಯ್ಯುವ ಯೋಚನೆ ಬಿಡಿ. ಅಲ್ಲದೆ 5ರ ರಾಡ್ ಮಹಶೀರ್‌ಗೆ ಸಾಲದು, ಅದಕ್ಕೆ 8ರಿಂದ 10 ಬೇಕು. ಭಾರತದಲ್ಲಿ ಈ ರಾಡ್ ಬಳಸಬೇಕು ಅಂದರೆ ಹಿಮಾಚಲದ ತೀರ್ಥನ್ ನದಿಗೆ ಹೋಗಿ. ಅಲ್ಲಿ ಟ್ರೌಟ್ ಇದೆ, ರಾಜ್ಯದ ಮೀನುಗಾರಿಕೆ ಇಲಾಖೆಯಿಂದ ಪರ್ಮಿಟ್ ತಗೊಳ್ಳಬೇಕು. 4 ಪೀಸ್ ರಾಡ್‌ನ ಒಂದೊಂದು ತುಂಡು ಎರಡೂಕಾಲು ಅಡಿ ಚಿಲ್ಲರೆ, ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಸುತ್ತದೆ. ಕೊಕ್ಕೆ, ಫೋರ್ಸೆಪ್ಸ್ ಮಾತ್ರ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.